ಸಮುದ್ರದ ತಳ ಉಬ್ಬಿದ್ದು ಹೇಗೆ ಗೊತ್ತಾಗುತ್ತೆ? ಆಕ್ಸಿಯಲ್ ಜ್ವಾಲಾಮುಖಿ ಬಗ್ಗೆ ತಿಳಿದವರು ಹೇಳಿ

ಹೊಸನಗರದ ತೋಟದಮನೆ

ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಒಂದು ವಿಡಿಯೋ ಓಡಾಡುತ್ತಿದೆ. ಪೆಸಿಫಿಕ್ ಸಾಗರದ ಅಡಿಯಲ್ಲಿ ಆಕ್ಸಿಯಲ್ ಅನ್ನೋ ಜ್ವಾಲಾಮುಖಿ ಇದೆಯಂತೆ. ಅದು ಉಬ್ಬುತ್ತಾ ಇದೆ, ಯಾವ ಗಳಿಗೆಯಲ್ಲಾದರೂ ಸಿಡಿಯುತ್ತದೆ, ಸುನಾಮಿ ಬಂದರೆ ನಮ್ಮ ಕರಾವಳಿಯೂ ಉಳಿಯುವುದಿಲ್ಲ ಅಂತ ಹೇಳುತ್ತಾರೆ. ನನ್ನ ತಂಗಿಯನ್ನು ಹೊನ್ನಾವರಕ್ಕೆ ಕೊಟ್ಟಿದ್ದೇವೆ. ಮನೆ ಕಡಲಿಗೆ ಹತ್ತಿರ. ಅವಳ ಅತ್ತೆಗೆ ಆ ವಿಡಿಯೋ ನೋಡಿದಾಗಿನಿಂದ ನಿದ್ದೆ ಇಲ್ಲ.

ಎರಡು ಪ್ರಶ್ನೆ. ನಮ್ಮ ಕಡೆಗೆ ನಿಜವಾಗಿ ಅಪಾಯ ಇದೆಯಾ? ಇನ್ನೊಂದು, ಅಷ್ಟು ಆಳದ ನೀರಿನ ಕೆಳಗೆ ನೆಲ ಉಬ್ಬಿದ್ದನ್ನು ಯಾರು, ಹೇಗೆ ಅಳೆದರು? ಈ ಎರಡನೆಯದು ನನಗೇ ತಿಳಿಯಬೇಕು ಅಂತ ಕೇಳುತ್ತಿದ್ದೇನೆ.

ಸಾಗರದ ಮೇಷ್ಟ್ರು

ಮೊದಲು ಆ ಹಿರಿಯರಿಗೆ ಧೈರ್ಯ ಹೇಳಿ. ಆಕ್ಸಿಯಲ್ ಇರುವುದು ಅಮೆರಿಕದ ಆರೆಗನ್ ಕರಾವಳಿಯಿಂದ ಸುಮಾರು 480 ಕಿಲೋಮೀಟರ್ ಪಶ್ಚಿಮಕ್ಕೆ. ಅಲ್ಲಿಗೂ ಹೊನ್ನಾವರಕ್ಕೂ ನಡುವೆ ಏಷ್ಯಾ ಖಂಡವೇ ಇದೆ. ಅದಕ್ಕಿಂತ ಮುಖ್ಯ ಮಾತು, ಆರೆಗನ್ ಜನರೇ ಅದಕ್ಕೆ ಹೆದರುವುದಿಲ್ಲ. ಅದರ ತುದಿಯೇ ಸುಮಾರು 1400 ಮೀಟರ್ ಆಳದಲ್ಲಿದೆ. ಅಷ್ಟು ನೀರಿನ ಭಾರ ಮೇಲಿರುವಾಗ ಲಾವಾದೊಳಗಿನ ಅನಿಲ ಒಮ್ಮೆಲೇ ಹಿಗ್ಗಿ ಸಿಡಿಯುವುದಕ್ಕೆ ಆಗುವುದಿಲ್ಲ. ಅದು ತೆಳು ಬಸಾಲ್ಟ್ ಲಾವಾ. ಬಿರುಕಿನಿಂದ ಉಕ್ಕಿ ಹರಿದು, ನೀರು ತಾಗಿ ಗಟ್ಟಿಯಾಗುತ್ತದೆ. 1998, 2011, 2015, ಹೀಗೆ ಮೂರು ಸಲ ಉಕ್ಕಿದ್ದು ದಾಖಲಾಗಿದೆ. ಮೂರು ಸಲವೂ ದಡದಲ್ಲಿದ್ದವರಿಗೆ ಏನೂ ತಿಳಿಯಲೇ ಇಲ್ಲ.

2022ರ ಜನವರಿಯಲ್ಲಿ ಟೊಂಗಾ ದ್ವೀಪಗಳ ಹತ್ತಿರ ಸಿಡಿದದ್ದು ಬೇರೆ ಜಾತಿಯದು. ಅದರ ಬಾಯಿ ನೀರಿನ ಮೇಲ್ಮೈಗೆ ಹತ್ತಿರ ಇತ್ತು, ಒಳಗಿನ ಮ್ಯಾಗ್ಮಾ, ಅಂದರೆ ಕರಗಿದ ಕಲ್ಲು, ಅದೂ ಬೇರೆ ಥರದ್ದು. ಅದರ ಬೂದಿ 50 ಕಿಲೋಮೀಟರ್‌ಗೂ ಮೇಲೆ ಹೋಗಿತ್ತು. ಆ ಚಿತ್ರ ತೋರಿಸಿ ಆಕ್ಸಿಯಲ್ ಹೆಸರು ಹೇಳಿದರೆ ಯಾರಿಗಾದರೂ ಭಯ ಆಗುತ್ತದೆ.

ನಮ್ಮ ಪಶ್ಚಿಮ ಕರಾವಳಿಗೆ ಸುನಾಮಿ ಬರುವುದಿದ್ದರೆ ಅದು ಮುಖ್ಯವಾಗಿ ಮಕ್ರಾನ್ ಕಡೆಯಿಂದ, ಅಂದರೆ ಪಾಕಿಸ್ತಾನ ಇರಾನ್ ಕರಾವಳಿಯ ಭೂಕಂಪದಿಂದ. 1945ರ ನವೆಂಬರ್‌ನಲ್ಲಿ ಬಂದಿತ್ತು, ಮುಂಬೈವರೆಗೂ ಅಲೆ ತಲುಪಿತ್ತು. ಕಡಲ ದಡದಲ್ಲಿ ಮನೆ ಇರುವವರು ತಿಳಿದುಕೊಳ್ಳಬೇಕಾದದ್ದು ಅದನ್ನು.

ಎರಡನೆಯ ಪ್ರಶ್ನೆಗೆ ಉತ್ತರ ಹೇಳುವವರು ಇಲ್ಲೇ ಒಬ್ಬರಿದ್ದಾರೆ. ತೀರ್ಥಹಳ್ಳಿಯ ಹಡಗಿನ ಅಣ್ಣ, ಸ್ವಲ್ಪ ಬಿಡಿಸಿ ಹೇಳಿ.

ತೀರ್ಥಹಳ್ಳಿ ಹಡಗಿನವ

ನಮಸ್ಕಾರ. ಕರೆಂಟು ಇರಲಿಲ್ಲ, ಈಗ ನೋಡಿದೆ. ನಾನು ಸರ್ವೆ ಹಡಗುಗಳಲ್ಲಿ ಯಂತ್ರ ಇಳಿಸುವ, ಎತ್ತುವ ಕೆಲಸ ಮಾಡಿದವನು. ಆಕ್ಸಿಯಲ್‌ಗೆ ಹೋದವನಲ್ಲ. ಆದರೆ ಅಲ್ಲಿ ಕೂತಿರುವ ಯಂತ್ರದ ಜಾತಿ ಕೈಯಾರೆ ಗೊತ್ತು.

ಭೂಮಿ ಮೇಲಿನ ಜ್ವಾಲಾಮುಖಿ ಉಬ್ಬಿದರೆ ಜಿಪಿಎಸ್ ಹೇಳುತ್ತದೆ, ಉಪಗ್ರಹ ಹೇಳುತ್ತದೆ. ಸಮುದ್ರದ ತಳಕ್ಕೆ ಆ ಎರಡೂ ಇಲ್ಲ. ರೇಡಿಯೋ ಅಲೆ ಉಪ್ಪುನೀರಿನಲ್ಲಿ ಒಂದೆರಡು ಮಾರು ಹೋಗುವಷ್ಟರಲ್ಲಿ ಸತ್ತೇ ಹೋಗುತ್ತದೆ. ಹಾಗಾಗಿ ಅಲ್ಲಿ ಅಳೆಯುವುದು ನೀರಿನ ಭಾರವನ್ನು. ತಳದಲ್ಲಿ ಒಂದು ಒತ್ತಡ ಮಾಪಕ ಇಡುತ್ತಾರೆ. ತಲೆ ಮೇಲೆ ಎಷ್ಟು ಎತ್ತರ ನೀರಿದೆಯೋ ಅಷ್ಟು ಒತ್ತಡ. ನೆಲ ಮೇಲೆ ಬಂದರೆ ತಲೆ ಮೇಲಿನ ನೀರು ಕಡಿಮೆ, ಒತ್ತಡ ಕಡಿಮೆ. ನೆಲ ಕುಸಿದರೆ ಒತ್ತಡ ಜಾಸ್ತಿ.

ಲಿಂಗನಮಕ್ಕಿ ಲೆಕ್ಕ ನಮಗೆಲ್ಲ ಗೊತ್ತು. 1819 ಅಡಿ ತುಂಬಿದರೆ ಗೇಟು ತೆಗೆಯುತ್ತಾರೆ. ಅಲ್ಲಿ ನೆಲ ನಿಂತಿರುತ್ತದೆ, ನೀರು ಏರುತ್ತದೆ. ಆಕ್ಸಿಯಲ್‌ನಲ್ಲಿ ಇದು ತಿರುಗಾಮುರುಗಾ. ಸಮುದ್ರದ ಮಟ್ಟ ಸರಾಸರಿಯಲ್ಲಿ ಅಲ್ಲೇ ಇರುತ್ತದೆ, ನೆಲ ಏರುತ್ತದೆ.

ಆ ಮಾಪಕದ ಒಳಗಿರುವುದು ಒಂದು ಸಣ್ಣ ಕ್ವಾರ್ಟ್ಜ್ ಹರಳು. ಅದು ಒಂದೇ ಲಯದಲ್ಲಿ ಕಂಪಿಸುತ್ತಾ ಇರುತ್ತದೆ. ಒತ್ತಡ ಬದಲಾದರೆ ಲಯ ಬದಲಾಗುತ್ತದೆ. ಆ ಲಯವನ್ನು ಎಣಿಸಿದರೆ ಒತ್ತಡ ಸಿಗುತ್ತದೆ. ಒಂದೂವರೆ ಕಿಲೋಮೀಟರ್ ನೀರಿನ ಕೆಳಗೆ ಒತ್ತಡ ಇಲ್ಲಿನ ಗಾಳಿಯ ಒತ್ತಡಕ್ಕಿಂತ ಸುಮಾರು 150 ಪಟ್ಟು. ಅಷ್ಟು ಭಾರ ಹೊತ್ತುಕೊಂಡು ಒಂದು ಸೆಂಟಿಮೀಟರ್ ನೀರಿನ ವ್ಯತ್ಯಾಸವನ್ನೂ ಹಿಡಿಯುತ್ತದೆ. ಮೊದಲ ಸಲ ಅದರ ಅಂಕಿಗಳನ್ನು ಪರದೆ ಮೇಲೆ ನೋಡಿದಾಗ ನನಗೆ ನಂಬಲಿಕ್ಕೇ ಆಗಿರಲಿಲ್ಲ.

ಭದ್ರಾವತಿ ವರ್ಕ್‌ಶಾಪ್

ಅಣ್ಣ, ಆ ಡಬ್ಬಿ ಯಾವ ಲೋಹದ್ದು? ಸ್ಟೇನ್‌ಲೆಸ್ ಆದರೆ ಉಪ್ಪುನೀರಿನಲ್ಲಿ ತಡೆಯುತ್ತಾ? ಸೀಲ್ ಹೇಗೆ ಮಾಡುತ್ತಾರೆ?

ತೀರ್ಥಹಳ್ಳಿ ಹಡಗಿನವ

ವರ್ಷಗಟ್ಟಲೆ ಕೂರಬೇಕಾದದ್ದು ಟೈಟಾನಿಯಂ. ಸ್ಟೇನ್‌ಲೆಸ್ ಹೊರಗೆ ಹೊಳೆಯುತ್ತಿರುತ್ತದೆ, ಸೀಲ್ ಕೂರುವ ಸಂದಿಯಲ್ಲಿ ಸದ್ದಿಲ್ಲದೆ ತಿಂದುಹೋಗಿರುತ್ತದೆ. ಮುಚ್ಚಳಕ್ಕೆ ಓ-ರಿಂಗ್, ಅದೂ ಎರಡು. ಮುಚ್ಚುವ ಮುಂಚೆ ರಿಂಗ್ ಕೂರುವ ತೋಡನ್ನು ದಾರ ಬಿಡದ ಬಟ್ಟೆಯಲ್ಲಿ ಒರೆಸಬೇಕು. ಗ್ರೀಸ್ ಜಾಸ್ತಿ ಆಗಬಾರದು, ತೆಳುವಾಗಿ ಸವರಿದರೆ ಸಾಕು. ಆಮೇಲೆ ಟಾರ್ಚ್ ಹಿಡಿದು ಸುತ್ತ ನೋಡಬೇಕು. ಒಂದು ತಲೆಕೂದಲು ಸಿಕ್ಕಿಕೊಂಡಿದ್ದರೂ ಆ ಆಳದಲ್ಲಿ ನೀರು ಅದೇ ದಾರಿ ಹಿಡಿದು ಒಳಗೆ ಬರುತ್ತದೆ. ನಾವು ಒಬ್ಬರು ಮುಚ್ಚಿದ್ದನ್ನು ಇನ್ನೊಬ್ಬರು ನೋಡದೆ ಹಡಗಿನಿಂದ ಇಳಿಸುತ್ತಿರಲಿಲ್ಲ.

ಬ್ಯಾಟರಿಯಲ್ಲಿ ನಡೆಯುವ ಮಾಪಕವನ್ನು ಭಾರ ಕಟ್ಟಿ ಕೆಳಗೆ ಬಿಡುತ್ತಾರೆ. ಜೊತೆಗೆ ಗಾಜಿನ ಬುಂಡೆಗಳು ಇರುತ್ತವೆ, ತೇಲಿಸುವುದಕ್ಕೆ. ವಾಪಸ್ ಬೇಕಾದಾಗ ಹಡಗಿನಿಂದ ಒಂದು ಸಂಕೇತದ ಶಬ್ದ ಕಳಿಸುತ್ತಾರೆ. ಕೆಳಗಿನ ಕೊಕ್ಕೆ ಬಿಟ್ಟುಕೊಳ್ಳುತ್ತದೆ, ಭಾರ ಅಲ್ಲೇ ಉಳಿಯುತ್ತದೆ, ಯಂತ್ರ ಮೇಲೆ ಬರುತ್ತದೆ. ಕೊಕ್ಕೆ ಬಿಟ್ಟಿದೆ ಅಂತ ಉತ್ತರ ಬಂದ ಮೇಲೂ ಮೇಲೆ ಕಾಣುವವರೆಗೆ ಡೆಕ್ ಮೇಲೆ ಯಾರೂ ಮಾತಾಡುವುದಿಲ್ಲ. ಒಳಗೆ ವರ್ಷದ ಅಂಕಿ ಇದೆ ಅಲ್ವಾ.

ಕೊಪ್ಪ ಕಾಫಿತೋಟ

ಒಂದು ಅನುಮಾನ. ಸಮುದ್ರದಲ್ಲಿ ದಿನಕ್ಕೆ ಎರಡು ಸಲ ಉಬ್ಬರ ಇಳಿತ ಇದೆ. ಅದೇ ಎರಡು ಮೂರು ಮೀಟರ್ ಆಗುತ್ತದೆ. ಅದರ ಮಧ್ಯೆ ನೆಲ ಒಂದು ಸೆಂಟಿಮೀಟರ್ ಎದ್ದದ್ದು ಹೇಗೆ ಕಾಣುತ್ತದೆ?

ಸಾಗರದ ಮೇಷ್ಟ್ರು

ಒಳ್ಳೆಯ ಪ್ರಶ್ನೆ. ಉಬ್ಬರ ಇಳಿತ ನಡೆಯುವುದು ಚಂದ್ರ ಸೂರ್ಯರ ಲೆಕ್ಕದಲ್ಲಿ. ಆ ಲೆಕ್ಕ ಮುಂಚೆಯೇ ಗೊತ್ತು. ಅದನ್ನು ಕಳೆದುಬಿಟ್ಟರೆ ಉಳಿದದ್ದು ನಿಧಾನವಾದ ಏರಿಳಿತ. ಕಾಲ್ಡೆರಾ ಅಂದರೆ ಜ್ವಾಲಾಮುಖಿಯ ತಲೆಯ ದೊಡ್ಡ ಕುಳಿ. ಆಕ್ಸಿಯಲ್‌ನದು ಸುಮಾರು 8 ಕಿಲೋಮೀಟರ್ ಉದ್ದ, 3 ಕಿಲೋಮೀಟರ್ ಅಗಲ. ಕುಳಿಯ ನಡುವೆ ಒಂದು ಮಾಪಕ, ಹೊರಗೆ ದೂರದಲ್ಲಿ ಇನ್ನೊಂದು. ಸಮುದ್ರವೇ ಏರಿದರೆ ಎರಡರಲ್ಲೂ ಒಟ್ಟಿಗೆ ಕಾಣುತ್ತದೆ. ನೆಲ ಎದ್ದರೆ ಕುಳಿಯೊಳಗಿನದರಲ್ಲಿ ಮಾತ್ರ.

ಈ ಉಬ್ಬರ ಇಳಿತ ಅಡ್ಡಿ ಮಾತ್ರ ಅಂದುಕೊಳ್ಳಬೇಡಿ. ಆಕ್ಸಿಯಲ್‌ನಲ್ಲಿ ಸಣ್ಣ ಭೂಕಂಪಗಳು ಇಳಿತದ ಹೊತ್ತಿಗೆ ಜಾಸ್ತಿ ಆಗುತ್ತವೆ. ನೀರಿನ ಭಾರ ಒಂದೆರಡು ಮೀಟರ್‌ನಷ್ಟು ಕಡಿಮೆ ಆದ ಕೂಡಲೇ ಕೆಳಗಿನ ಮ್ಯಾಗ್ಮಾ ಕೋಣೆ ತುಸು ಹಿಗ್ಗುತ್ತದೆ. ಕುಳಿಯ ಸುತ್ತಲಿನ ಬಿರುಕುಗಳು ಜಾರುತ್ತವೆ. ಇಷ್ಟು ಸಣ್ಣ ಬದಲಾವಣೆಗೆ ಬಂಡೆ ಸ್ಪಂದಿಸುತ್ತದೆ ಅಂದರೆ ಅದು ಬಿಗಿಯ ಕೊನೆಯ ಅಂಚಿನಲ್ಲಿದೆ ಅಂತ ಅರ್ಥ. ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಸೋಜಿಗ ಅನ್ನಿಸುವುದು ಇದೇ. ಚಂದ್ರ ಎಳೆದ ನೀರು, ನೀರಿನ ಕೆಳಗಿನ ನೆಲ, ನೆಲದೊಳಗಿನ ಕರಗಿದ ಕಲ್ಲು, ಮೂರೂ ಒಂದೇ ಗ್ರಾಫ್‌ನಲ್ಲಿ ಕಾಣುತ್ತವೆ.

ಮ್ಯಾಗ್ಮಾ ಎಲ್ಲಿದೆ ಅನ್ನುವುದನ್ನು ಹಡಗಿನಿಂದ ಶಬ್ದದ ಅಲೆ ಕಳಿಸಿ, ಕೆಳಗಿನ ಪದರಗಳಿಂದ ಬಂದ ಪ್ರತಿಧ್ವನಿ ಕೇಳಿ ಚಿತ್ರಿಸಿದ್ದಾರೆ. ಮುಖ್ಯ ಕೋಣೆ ಸಮುದ್ರ ತಳದಿಂದ ಕೇವಲ ಒಂದು ಎರಡು ಕಿಲೋಮೀಟರ್ ಕೆಳಗೆ. ಉದ್ದ ಸುಮಾರು 14 ಕಿಲೋಮೀಟರ್.

ತೀರ್ಥಹಳ್ಳಿ ಹಡಗಿನವ

ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಕಷ್ಟ ಇರುವುದು ಉಬ್ಬರ ಇಳಿತದಲ್ಲಿ ಅಲ್ಲ, ಮಾಪಕದಲ್ಲೇ. ಅಷ್ಟು ಒತ್ತಡದಲ್ಲಿ ವರ್ಷಗಟ್ಟಲೆ ಕೂತರೆ ಅಂಕಿ ನಿಧಾನಕ್ಕೆ ಸರಿಯುತ್ತದೆ. ನೆಲ ಅಲುಗದಿದ್ದರೂ ವರ್ಷಕ್ಕೆ ಹಲವು ಸೆಂಟಿಮೀಟರ್ ಏರಿದ ಹಾಗೆ ಅಥವಾ ಇಳಿದ ಹಾಗೆ ತೋರಿಸಬಹುದು. ನೆಲ ಎದ್ದದ್ದೋ ಮಾಪಕ ಸರಿದದ್ದೋ ಗೊತ್ತಾಗಬೇಕಲ್ಲ.

ಅದಕ್ಕೆ ಅಲ್ಲಿ ಮಾಡಿದ್ದು ನೋಡಿ. ಕುಳಿಯೊಳಗೆ ಹಲವು ಕಡೆ ಕಾಂಕ್ರೀಟ್ ಪೀಠಗಳನ್ನು ಇಟ್ಟಿದ್ದಾರೆ. ಕೆಲವು ವರ್ಷಕ್ಕೊಮ್ಮೆ ಹಡಗು ಹೋಗುತ್ತದೆ. ಕೇಬಲ್ ಕಟ್ಟಿದ ರೋಬೋ ಕೆಳಗಿಳಿದು, ಒಂದೇ ಮಾಪಕವನ್ನು ಕೈಯಲ್ಲಿ ಹಿಡಿದು ಪೀಠದಿಂದ ಪೀಠಕ್ಕೆ ಹೋಗುತ್ತದೆ. ಪ್ರತಿ ಪೀಠದ ಮೇಲೆ ಸ್ವಲ್ಪ ಹೊತ್ತು ಇಟ್ಟು ಓದಿಕೊಳ್ಳುತ್ತದೆ. ಕುಳಿಯಿಂದ ದೂರದಲ್ಲಿ, ಅಲುಗದ ಜಾಗದಲ್ಲಿ ಇರುವ ಪೀಠದಲ್ಲಿ ಶುರು, ಅಲ್ಲೇ ಮುಗಿತಾಯ. ಹಳೆಯ ಸರ್ವೆಯವರು ಊರಲ್ಲಿ ಕಲ್ಲು ನೆಟ್ಟು ಮಟ್ಟ ತೆಗೆದದ್ದೂ ಇದೇ ಕ್ರಮದಲ್ಲಿ. ಒಂದೇ ಮಾಪಕ ಎಲ್ಲ ಕಡೆ ಓದಿದ್ದರಿಂದ ಅದರ ತಪ್ಪು ಎಲ್ಲ ಕಡೆ ಒಂದೇ, ಕಳೆದು ಹಾಕಬಹುದು.

ಈಚೆಗೆ ಇನ್ನೊಂದು ಉಪಾಯ ಬಂದಿದೆ. ಮಾಪಕಕ್ಕೆ ಒಂದು ಕವಾಟ. ಆಗಾಗ ಅದು ಸಮುದ್ರದ ಕಡೆ ಮುಚ್ಚಿ, ಡಬ್ಬಿಯ ಒಳಗಿನ ಗಾಳಿಯ ಕಡೆ ತೆರೆಯುತ್ತದೆ. ಒಳಗಿನ ಒತ್ತಡ ಎಷ್ಟು ಅಂತ ಇನ್ನೊಂದು ಸಣ್ಣ ಬ್ಯಾರೋಮೀಟರ್ ಹೇಳುತ್ತದೆ. ಎರಡಕ್ಕೂ ಎಷ್ಟು ವ್ಯತ್ಯಾಸ ಬಂತೋ ಮಾಪಕ ಅಷ್ಟು ಸರಿದಿದೆ. ರೋಬೋ ಬರುವವರೆಗೆ ಕಾಯಬೇಕಿಲ್ಲ, ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ.

ಹೊಸನಗರದ ತೋಟದಮನೆ

ತಂಗಿಗೆ ಮೇಷ್ಟ್ರು ಬರೆದದ್ದನ್ನು ಹಾಗೇ ಕಳಿಸಿದೆ. ಬಹಳ ಉಪಕಾರ ಆಯಿತು. ಈಗ ನನಗೆ ಕುತೂಹಲ ಜಾಸ್ತಿ ಆಗಿದೆ. ಉಕ್ಕುವ ಹೊತ್ತಿಗೆ ಆ ಯಂತ್ರಗಳು ಅಲ್ಲೇ ಇದ್ದರೆ ಏನಾಗುತ್ತವೆ? ಕರಗಿ ಹೋಗುವುದಿಲ್ವಾ?

ತೀರ್ಥಹಳ್ಳಿ ಹಡಗಿನವ

1998ರಲ್ಲಿ ಹಾಗೇ ಆಯಿತು. ಕಾಲುಗಳ ಮೇಲೆ ನಿಂತ ಒಂದು ಯಂತ್ರ ಕುಳಿಯಲ್ಲಿತ್ತು. ಲಾವಾ ಹರಿದು ಬಂದು ಅದರ ಕಾಲುಗಳನ್ನು ಹಿಡಿದುಬಿಟ್ಟಿತು. ಕರಗಲಿಲ್ಲ. ಲಾವಾದ ಮೇಲ್ಮೈ ನೀರು ತಾಗಿದ ಕೂಡಲೇ ಗಟ್ಟಿ ಸಿಪ್ಪೆ ಆಗುತ್ತದೆ, ಒಳಗೆ ಮಾತ್ರ ಹರಿಯುತ್ತಿರುತ್ತದೆ. ಆ ಸಿಪ್ಪೆಯ ಮೇಲೆ ಯಂತ್ರ ಕೂತಿತ್ತು. ಕೆಳಗೆ ಲಾವಾ ತುಂಬುತ್ತಾ ಹೋದ ಹಾಗೆ ಸಿಪ್ಪೆ ಯಂತ್ರವನ್ನೂ ಹೊತ್ತುಕೊಂಡು ಮೂರು ಮೀಟರ್‌ಗೂ ಮೇಲೆ ಎದ್ದಿತು. ಒಂದು ಗಂಟೆ ಚಿಲ್ಲರೆ. ಆಮೇಲೆ ಒಳಗಿನ ಲಾವಾ ಬೇರೆ ಕಡೆ ಹರಿದು ಹೋಯಿತು, ಯಂತ್ರ ಮೆಲ್ಲಗೆ ಕೆಳಗೆ ಇಳಿಯಿತು. ಅಷ್ಟನ್ನೂ ಒತ್ತಡ ಮಾಪಕ ಬರೆದುಕೊಂಡೇ ಇತ್ತು.

ಮೇಲೆ ಬಾ ಅಂತ ಕರೆದರೆ ಬರಲಿಲ್ಲ, ಕಾಲು ಕಲ್ಲಿನಲ್ಲಿ ಹುಗಿದಿತ್ತು. 1999ರಲ್ಲಿ ರೋಬೋ ಇಳಿಸಿ ಹಗ್ಗ ಸಿಕ್ಕಿಸಿ ಎಳೆದು ತೆಗೆದರು. ಅಂಕಿಗಳು ಸುರಕ್ಷಿತವಾಗಿದ್ದವು. ಸಮುದ್ರದ ತಳದಲ್ಲಿ ಲಾವಾ ಹರಿಯುವುದನ್ನು ಅದರ ಮೇಲೇ ಕೂತು ಅಳೆದ ಯಂತ್ರ ಅದು. ನಾನು ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯರೊಬ್ಬರು ಹೇಳಿದ್ದರು. ಆಮೇಲೆ ಆ ವರದಿ ಹುಡುಕಿ ಓದಿದೆ.

ಕೊಪ್ಪ ಕಾಫಿತೋಟ

ಒಂದು ಮಾತು ನೇರವಾಗಿ ಕೇಳುತ್ತೇನೆ, ಬೇಸರ ಬೇಡ. 2025 ಮುಗಿಯುವುದರೊಳಗೆ ಉಕ್ಕುತ್ತದೆ ಅಂತ ವಿಜ್ಞಾನಿಗಳು ಹೇಳಿದ್ದರು. ಉಕ್ಕಲಿಲ್ಲ. ಆಮೇಲೆ ಮುಂದಕ್ಕೆ ಹಾಕಿದರು. ಕಾಫಿ ಬೆಳೆಗಾರನಿಗೆ ಮಳೆ ಮುನ್ಸೂಚನೆ ತಪ್ಪಿದರೆ ಏನಾಗುತ್ತದೆ ಅಂತ ಗೊತ್ತು, ಹೂಮಳೆ ನಂಬಿ ಕೂತವರು ನಾವು. ಯಾರೂ ಇಲ್ಲದ ಸಮುದ್ರದ ನಡುವೆ ಇಷ್ಟು ದುಡ್ಡು ಸುರಿದು, ಕೊನೆಗೆ ಮುನ್ಸೂಚನೆಯೂ ತಪ್ಪಿದರೆ ಇದರಿಂದ ಏನು ಪ್ರಯೋಜನ?

ಸಾಗರದ ಮೇಷ್ಟ್ರು

ಬೇಸರ ಯಾಕೆ, ಕೇಳಲೇಬೇಕಾದ ಪ್ರಶ್ನೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಬಿಲ್ ಚಾಡ್ವಿಕ್, ಸ್ಕಾಟ್ ನೂನರ್ ಅಂತ ಇಬ್ಬರು ವಿಜ್ಞಾನಿಗಳು ದಶಕಗಳಿಂದ ಈ ಒಂದೇ ಜ್ವಾಲಾಮುಖಿಯನ್ನು ಅಳೆಯುತ್ತಾ ಬಂದಿದ್ದಾರೆ. ಅವರು ಹಿಡಿದ ಸೂತ್ರ ಸರಳ. ಕೆಳಗಿನಿಂದ ಮ್ಯಾಗ್ಮಾ ತುಂಬಿದ ಹಾಗೆ ಕುಳಿಯ ನೆಲ ಏರುತ್ತದೆ. ಉಕ್ಕಿದಾಗ ಎರಡು ಮೀಟರ್‌ಗೂ ಹೆಚ್ಚು ಕುಸಿಯುತ್ತದೆ. ಮತ್ತೆ ಏರಲು ಶುರು. ಹಿಂದಿನ ಸಲ ಯಾವ ಮಟ್ಟದಲ್ಲಿ ಉಕ್ಕಿತೋ ಆ ಮಟ್ಟಕ್ಕೆ ಬಂದಾಗ ಮತ್ತೆ ಉಕ್ಕಬಹುದು.

2006ರಲ್ಲಿ ಅವರು 2014ಕ್ಕಿಂತ ಮುಂಚೆ ಉಕ್ಕುತ್ತದೆ ಅಂತ ಬರೆದರು. 2011ರ ಏಪ್ರಿಲ್‌ನಲ್ಲಿ ಉಕ್ಕಿತು. ಸೋಜಿಗ ಅಂದರೆ ಅದು ಉಕ್ಕಿದ್ದು ಅವರಿಗೂ ಆಗ ಗೊತ್ತಾಗಲಿಲ್ಲ. ಜುಲೈನಲ್ಲಿ ಹಡಗು ಹೋಗಿ ರೋಬೋ ಇಳಿಸಿದಾಗ ಹೊಸ ಲಾವಾ ಕಂಡಿತು. ಅಲ್ಲಿಟ್ಟಿದ್ದ ಯಂತ್ರ ಕೆಲವು ಲಾವಾದ ಅಡಿ ಹೋಗಿದ್ದವು. ಆಮೇಲೆ 2014ರ ಸೆಪ್ಟೆಂಬರ್‌ನಲ್ಲಿ, ಮುಂದಿನದು 2015ರಲ್ಲಿ ಅಂದರು. 2015ರ ಏಪ್ರಿಲ್ 24ರಂದು ಉಕ್ಕಿತು.

ಈ ಸಲ ಏನಾಯಿತು? 2011ರಿಂದ 2015ರವರೆಗೆ ನೆಲ ವರ್ಷಕ್ಕೆ ಸುಮಾರು 60 ಸೆಂಟಿಮೀಟರ್ ಏರಿತ್ತು. 2015ರ ನಂತರ ಆ ವೇಗ ಕಡಿಮೆ ಆಗುತ್ತಾ ಬಂದು 2023ರ ಹೊತ್ತಿಗೆ ನಿಂತೇ ಹೋಗುವ ಹಾಗಾಯಿತು. 2024ರಲ್ಲಿ ಮತ್ತೆ ಚುರುಕಾಯಿತು, ಭೂಕಂಪಗಳೂ ಹೆಚ್ಚಾದವು. ಅದನ್ನು ನೋಡಿ 2025ರ ಒಳಗೆ ಅಂದರು. ಆಮೇಲೆ ವೇಗ ಮತ್ತೆ ಸಾಲದೆ ಹೋಯಿತು. ಜೊತೆಗೆ ಉಕ್ಕುವ ಮಟ್ಟವೂ ಒಂದೇ ಇರುವುದಿಲ್ಲ. 2015ರಲ್ಲಿ ಉಕ್ಕಿದ ಮಟ್ಟ 2011ರದ್ದಕ್ಕಿಂತ ಸುಮಾರು 30 ಸೆಂಟಿಮೀಟರ್ ಮೇಲಿತ್ತು. ಅಷ್ಟು ತುಂಬುವುದಕ್ಕೆ ಎಷ್ಟು ಕಾಲ ಬೇಕು ಅನ್ನುವುದು ಕೆಳಗಿನಿಂದ ಬರುವ ಮ್ಯಾಗ್ಮಾದ ಕೈಯಲ್ಲಿದೆ.

ನನಗೆ ಅವರ ಮೇಲೆ ಗೌರವ ಹೆಚ್ಚಾಗಿದ್ದು ಇಲ್ಲೇ. ಮುಂಚಿತವಾಗಿ, ತಾರೀಕು ಹಾಕಿ, ಎಲ್ಲರಿಗೂ ಕಾಣುವ ಹಾಗೆ ಬರೆದರು. ಆಗದಿದ್ದಾಗ ಅಲ್ಲೇ ಆಗಲಿಲ್ಲ ಅಂತ ಬರೆದರು. ಜನ ವಾಸ ಮಾಡುವ ಬೆಟ್ಟದಲ್ಲಿ ಹೀಗೆ ಪರೀಕ್ಷೆ ಮಾಡಲಿಕ್ಕೆ ಆಗುವುದಿಲ್ಲ. ಸುಳ್ಳು ಎಚ್ಚರಿಕೆ ಕೊಟ್ಟರೆ ಊರು ಖಾಲಿ ಮಾಡಿಸಬೇಕು, ಮುಂದಿನ ಸಲ ಯಾರೂ ನಂಬುವುದಿಲ್ಲ. ಆಕ್ಸಿಯಲ್‌ನಲ್ಲಿ ತಪ್ಪಿದರೆ ಯಾರಿಗೂ ನಷ್ಟ ಇಲ್ಲ. ಹಾಗಾಗಿ ಮುನ್ಸೂಚನೆ ಕಲಿಯಲಿಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ.

ಶಿವಮೊಗ್ಗ ಎಂಎಸ್ಸಿ

ನಾನು ಭೌತಶಾಸ್ತ್ರ ಓದುತ್ತಿದ್ದೇನೆ. ಮೇಷ್ಟ್ರೇ, 2011ರಲ್ಲಿ ಉಕ್ಕಿದ್ದು ಗೊತ್ತಾಗಲು ತಿಂಗಳುಗಳು ಬೇಕಾದವು ಅಂದಿರಿ. 2015ರಲ್ಲಿ ಮಾತ್ರ ಅದೇ ದಿನ ಹೇಗೆ ಗೊತ್ತಾಯಿತು?

ತೀರ್ಥಹಳ್ಳಿ ಹಡಗಿನವ

ಕೇಬಲ್ ಬಂದಿತ್ತು, ತಂಗಿ. ಅದೇ ದೊಡ್ಡ ಬದಲಾವಣೆ. ಆರೆಗನ್‌ನ ಪೆಸಿಫಿಕ್ ಸಿಟಿ ಅನ್ನೋ ಸಣ್ಣ ಊರಿನಿಂದ ಸಮುದ್ರದ ತಳದಲ್ಲೇ ಕೇಬಲ್ ಎಳೆದು ಆಕ್ಸಿಯಲ್‌ವರೆಗೆ ಒಯ್ದಿದ್ದಾರೆ. ಒಂದೇ ಕೇಬಲ್‌ನಲ್ಲಿ ಕರೆಂಟೂ ಹೋಗುತ್ತದೆ, ಅಂಕಿಯೂ ಬರುತ್ತದೆ. ನೋಡಿಕೊಳ್ಳುವುದು ವಾಷಿಂಗ್ಟನ್ ವಿಶ್ವವಿದ್ಯಾಲಯ. 2014ರ ಕೊನೆಗೆ ಅಂಕಿ ಬರಲು ಶುರುವಾಯಿತು, ಆರು ತಿಂಗಳೊಳಗೆ ಜ್ವಾಲಾಮುಖಿ ಉಕ್ಕಿತು.

ಬ್ಯಾಟರಿ ಯಂತ್ರದಲ್ಲಿ ಏನು ಬರೆದಿದೆ ಅಂತ ತಿಳಿಯಲು ಅದನ್ನು ಎತ್ತಬೇಕು. ಕೇಬಲ್ ಯಂತ್ರ ಅದೇ ಕ್ಷಣದಲ್ಲಿ ಹೇಳುತ್ತದೆ. ಅಲ್ಲಿ ಒತ್ತಡ ಮಾಪಕ ಒಂದೇ ಅಲ್ಲ. ನೆಲ ಎಷ್ಟು ವಾಲಿತು ಅಂತ ಹೇಳುವ ಮಾಪಕ ಇದೆ. ಭೂಕಂಪ ಮಾಪಕಗಳಿವೆ. ನೀರಿನೊಳಗಿನ ಶಬ್ದ ಕೇಳುವ ಹೈಡ್ರೋಫೋನ್ ಇದೆ. ಬಿಸಿನೀರಿನ ಬುಗ್ಗೆಗಳ ಉಷ್ಣತೆ ಅಳೆಯುವುದಿದೆ, ಕ್ಯಾಮೆರಾ ಕೂಡ ಇದೆ.

2015ರಲ್ಲಿ ಉಕ್ಕುವ ಮುಂಚಿನ ತಿಂಗಳುಗಳಲ್ಲಿ ದಿನಕ್ಕೆ ನೂರಾರು ಇದ್ದ ಸಣ್ಣ ಭೂಕಂಪ ಸುಮಾರು 2000ಕ್ಕೆ ಬಂದಿತ್ತು. ಏಪ್ರಿಲ್ 24ರ ಒಂದೇ ದಿನ ಸುಮಾರು 8000. ಕುಳಿಯ ನೆಲ ಸುಮಾರು 2.4 ಮೀಟರ್ ಕುಸಿಯಿತು. ಆಮೇಲೆ ಹೈಡ್ರೋಫೋನ್‌ಗಳಲ್ಲಿ ಬೇರೆ ಥರದ ಪಟಪಟ ಶಬ್ದ ಸಾವಿರಗಟ್ಟಲೆ ಬಂತು. ಭೂಕಂಪದ ಅಲೆ ನೆಲದಲ್ಲಿ ಬರುತ್ತದೆ, ಇದು ನೀರಿನಲ್ಲಿ ಬಂದದ್ದು. ಎಲ್ಲಿಂದ ಅಂತ ಲೆಕ್ಕ ಹಾಕಿದರೆ ಉತ್ತರದ ಬಿರುಕಿನ ಕಡೆ. ಹಡಗು ಹೋದಾಗ ಹೊಸ ಲಾವಾ ಸಿಕ್ಕಿದ್ದೂ ಅಲ್ಲೇ. ಒಂದು ಕಡೆ 127 ಮೀಟರ್ ದಪ್ಪ ಇತ್ತು.

ಕೊಪ್ಪ ಕಾಫಿತೋಟ

ಇಷ್ಟು ವಿವರ ಗೊತ್ತಿರಲಿಲ್ಲ. ಮುನ್ಸೂಚನೆ ಮಾತು ಒಪ್ಪುತ್ತೇನೆ. ಆದರೂ ಖರ್ಚಿನ ಮಾತು ಉಳಿಯಿತು. ಜನ ಇರುವ ಕಡೆ ಇಡಬಹುದಲ್ವಾ ಈ ಯಂತ್ರಗಳನ್ನು?

ಸಾಗರದ ಮೇಷ್ಟ್ರು

ಇಡಬೇಕು, ಸಂಶಯವೇ ಇಲ್ಲ. ಯಂತ್ರ ಮುಂಚೆ ಇಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಹಿಂದೂ ಮಹಾಸಾಗರದಲ್ಲೇ ಉದಾಹರಣೆ ಇದೆ. ಮಡಗಾಸ್ಕರ್ ಪಕ್ಕದಲ್ಲಿ ಮಯೋಟ್ ಅಂತ ಒಂದು ದ್ವೀಪ. ಫ್ರಾನ್ಸ್‌ಗೆ ಸೇರಿದ್ದು. 2018ರ ಮೇ ತಿಂಗಳಲ್ಲಿ ಅಲ್ಲಿ ಭೂಕಂಪ ಶುರುವಾಯಿತು. 15ನೇ ತಾರೀಕು 5.9 ಪ್ರಮಾಣದ್ದು ಬಂತು. ನಂತರ ನಿಲ್ಲಲೇ ಇಲ್ಲ. ಜನ ರಾತ್ರಿ ಮನೆಯೊಳಗೆ ಮಲಗಲು ಹೆದರುತ್ತಿದ್ದರು. ದ್ವೀಪವೇ ಪೂರ್ವಕ್ಕೆ ಸರಿಯುತ್ತಿದೆ, ತಗ್ಗುತ್ತಿದೆ ಅಂತ ಜಿಪಿಎಸ್ ಹೇಳಿತು. ಯಾಕೆ ಅಂತ ಹೇಳುವವರು ಯಾರೂ ಇಲ್ಲ. ಸಮುದ್ರದ ತಳದಲ್ಲಿ ಒಂದು ಮಾಪಕವೂ ಇರಲಿಲ್ಲ.

2019ರಲ್ಲಿ ತಳಕ್ಕೆ ಭೂಕಂಪ ಮಾಪಕ ಇಳಿಸಿದರು. ಆ ವರ್ಷ ಮೇ ತಿಂಗಳಲ್ಲಿ ಹಡಗು ಹೋಗಿ ತಳದ ನಕ್ಷೆ ತೆಗೆದಾಗ, ದ್ವೀಪದಿಂದ ಸುಮಾರು 50 ಕಿಲೋಮೀಟರ್ ಪೂರ್ವಕ್ಕೆ, ಸುಮಾರು 3500 ಮೀಟರ್ ಆಳದಲ್ಲಿ, 820 ಮೀಟರ್ ಎತ್ತರದ ಹೊಸ ಜ್ವಾಲಾಮುಖಿ ನಿಂತಿತ್ತು. ಹಳೆಯ ನಕ್ಷೆಯಲ್ಲಿ ಅಲ್ಲಿ ಏನೂ ಇರಲಿಲ್ಲ. ಒಂದು ವರ್ಷ ಪೂರ್ತಿ ಜನ ಕಾರಣ ಗೊತ್ತಿಲ್ಲದ ನಡುಕದಲ್ಲಿ ಬದುಕಿದರು. ಆ ಒಂದು ವರ್ಷದ ಭಯಕ್ಕೆ ಬೆಲೆ ಕಟ್ಟಿ ನೋಡಿ, ಆಮೇಲೆ ಖರ್ಚಿನ ಮಾತಾಡೋಣ.

ಹೊಸನಗರದ ತೋಟದಮನೆ

ಮೇಷ್ಟ್ರೇ, ನಮ್ಮ ದೇಶದ ಕಥೆ ಏನು? ನಮ್ಮಲ್ಲೂ ಇಂಥ ಯಂತ್ರ ಇದೆಯಾ?

ತೀರ್ಥಹಳ್ಳಿ ಹಡಗಿನವ

ಇದೆ, ಇದೇ ಜಾತಿಯ ಒತ್ತಡ ಮಾಪಕ. ಆದರೆ ಇಟ್ಟಿರುವುದು ಸುನಾಮಿಗಾಗಿ. 2004ರ ಡಿಸೆಂಬರ್ 26 ಯಾರೂ ಮರೆಯುವ ಹಾಗಿಲ್ಲ. ಆಗ ನಮ್ಮಲ್ಲಿ ಎಚ್ಚರಿಕೆ ವ್ಯವಸ್ಥೆ ಇರಲಿಲ್ಲ. 2007ರಲ್ಲಿ ಹೈದರಾಬಾದಿನ ಇನ್‌ಕಾಯಿಸ್ ಅನ್ನುವ ಸಾಗರ ಮಾಹಿತಿ ಕೇಂದ್ರದಲ್ಲಿ ಸುನಾಮಿ ಎಚ್ಚರಿಕೆ ಕೇಂದ್ರ ಶುರುವಾಯಿತು. ಬಂಗಾಳ ಕೊಲ್ಲಿಯಲ್ಲೂ ಅರಬ್ಬಿ ಸಮುದ್ರದಲ್ಲೂ ತಳದಲ್ಲಿ ಮಾಪಕ, ಮೇಲೆ ತೇಲುಬುರುಡೆ (ಇಂಗ್ಲಿಷಿನ ಬಾಯ್). ತಳದ ಮಾಪಕ ಶಬ್ದದ ಸಂಕೇತದಲ್ಲಿ ತೇಲುಬುರುಡೆಗೆ ಹೇಳುತ್ತದೆ, ತೇಲುಬುರುಡೆ ಉಪಗ್ರಹಕ್ಕೆ ಹೇಳುತ್ತದೆ. ಹೊನ್ನಾವರದವರನ್ನು ಕಾಯುತ್ತಿರುವುದು ಇದೇ ಹರಳು. ಮೀನುಗಾರರಲ್ಲಿ ಒಂದು ವಿನಂತಿ, ಆ ಹಳದಿ ತೇಲುಬುರುಡೆಗೆ ದೋಣಿ ಕಟ್ಟಬೇಡಿ, ಅದರ ಸುತ್ತ ಬಲೆ ಬಿಡಬೇಡಿ. ಅದು ಹಾಳಾದರೆ ಸರಿ ಮಾಡಲು ಮತ್ತೆ ಹಡಗು ಹೋಗಬೇಕು.

ಜ್ವಾಲಾಮುಖಿ ಅಂದರೆ ನಮಗೆ ಅಂಡಮಾನಿನ ಬ್ಯಾರನ್ ದ್ವೀಪ. ಪೋರ್ಟ್ ಬ್ಲೇರ್‌ನಿಂದ ಸುಮಾರು 140 ಕಿಲೋಮೀಟರ್. 1991ರಲ್ಲಿ ಎಚ್ಚೆತ್ತ ಮೇಲೆ ಆಗಾಗ ಹೊಗೆ, ಬೂದಿ, ಲಾವಾ. ನೀರಿನ ಮೇಲೆ ಕಾಣುವುದು ತಲೆ ಮಾತ್ರ. ಉಳಿದ ಮೈಯೆಲ್ಲ ನೀರಿನ ಕೆಳಗಿದೆ, ಬುಡ ಸುಮಾರು ಎರಡು ಕಿಲೋಮೀಟರ್ ಆಳದಲ್ಲಿ. ಅಂಡಮಾನ್ ಸಮುದ್ರದ ತಳದಲ್ಲಿ ಇನ್ನೂ ಮುಳುಗಿದ ಜ್ವಾಲಾಮುಖಿಗಳಿವೆ. ನನ್ನ ಅಭಿಪ್ರಾಯ ಕೇಳಿದರೆ, ಅಲ್ಲಿ ತಳದಲ್ಲಿ ಮಾಪಕಗಳ ಒಂದು ಸಾಲು ಇರಲೇಬೇಕು. ಕೇಬಲ್ ದೊಡ್ಡ ಮಾತು, ಬ್ಯಾಟರಿ ಮಾಪಕಗಳಿಂದ ಶುರು ಮಾಡಬಹುದು. ಆಕ್ಸಿಯಲ್‌ನಲ್ಲೂ ಶುರುವಾದದ್ದು ಹಾಗೇ. ಇಡುವುದನ್ನು ಒಂದು ವರ್ಷ ತಡ ಮಾಡಿದರೆ ಆ ವರ್ಷದ ಅಂಕಿ ಮತ್ತೆ ಯಾವತ್ತೂ ಸಿಗುವುದಿಲ್ಲ.

ಶಿಕಾರಿಪುರದ ದಾರಿಹೋಕ

ಎಲ್ಲ ಓದಿದೆ. ಒಂದು ಕೇಳಬೇಕು. 2022ರಲ್ಲಿ ಕೊಡಗು, ಸುಳ್ಯ ಕಡೆ ಭೂಮಿ ನಡುಗಿತ್ತು. ನಮ್ಮ ಮಲೆನಾಡಿನ ಕೆಳಗೂ ಮ್ಯಾಗ್ಮಾ ಇದೆ ಅಂತ ಕೆಲವರು ಹೇಳುತ್ತಾರೆ. ನಿಜವಾ?

ಸಾಗರದ ಮೇಷ್ಟ್ರು

ಇಲ್ಲ. ನಮ್ಮದು ಭೂಮಿಯ ಅತ್ಯಂತ ಹಳೆಯ, ತಣ್ಣಗಾದ ನೆಲಗಳಲ್ಲಿ ಒಂದು. ಹಳೆಯ ಬಿರುಕುಗಳು ಸ್ವಲ್ಪ ಜರುಗಿದರೆ ಸಣ್ಣ ಕಂಪನ ಬರುತ್ತದೆ, ಅಷ್ಟೇ. ಅದಕ್ಕೂ ಲಾವಾಕ್ಕೂ ಸಂಬಂಧ ಇಲ್ಲ.

ಆದರೆ ಸಮುದ್ರದ ತಳದ ಲಾವಾ ನೋಡಬೇಕಾದರೆ ಪೆಸಿಫಿಕ್‌ಗೆ ಹೋಗಬೇಕಿಲ್ಲ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಗೆ ಹೋಗಿ. ಹಿರಿಯೂರು ದಾರಿಯಲ್ಲಿ ಸಿಗುತ್ತದೆ. ಸುಮಾರು 250 ಕೋಟಿ ವರ್ಷ ಹಳೆಯ ಲಾವಾ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಮಾಡಿದೆ. ಬಂಡೆಯ ಮೇಲೆ ದಿಂಬುಗಳನ್ನು ಒತ್ತೊತ್ತಾಗಿ ಪೇರಿಸಿಟ್ಟ ಆಕಾರ ಕಾಣುತ್ತದೆ. ಲಾವಾ ನೀರಿನ ಅಡಿಯಲ್ಲಿ ಉಕ್ಕಿದರೆ ಮಾತ್ರ ಆ ಆಕಾರ ಬರುತ್ತದೆ. ಮೇಲೆ ಉಬ್ಬು, ಕೆಳಗೆ ಚೂಪು, ಯಾಕೆಂದರೆ ಮೆತ್ತಗಿರುವಾಗಲೇ ಕೆಳಗಿನ ಎರಡು ದಿಂಬುಗಳ ಸಂದಿಗೆ ಇಳಿದಿರುತ್ತದೆ. ಆ ಚೂಪು ತುದಿ ನೋಡಿ, ಆ ಕಾಲದಲ್ಲಿ ಮೇಲ್ಮುಖ ಯಾವ ಕಡೆ ಇತ್ತು ಅಂತ ಭೂವಿಜ್ಞಾನಿಗಳು ಹೇಳುತ್ತಾರೆ. ಆಕ್ಸಿಯಲ್‌ನಲ್ಲಿ ರೋಬೋ ತೆಗೆದ ಚಿತ್ರಗಳಲ್ಲೂ ಇಂಥದೇ ದಿಂಬುಗಳಿವೆ.

ಶಿಕಾರಿಪುರದ ದಾರಿಹೋಕ

ಎಷ್ಟೋ ಸಲ ಆ ರಸ್ತೆಯಲ್ಲಿ ಹೋಗಿದ್ದೇನೆ. ಮುಂದಿನ ಸಲ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸುತ್ತೇನೆ.

ಶಿವಮೊಗ್ಗ ಎಂಎಸ್ಸಿ

ಹಡಗಿನ ಅಣ್ಣ, ನನಗೆ ಪ್ರಾಜೆಕ್ಟ್ ಮಾಡಬೇಕಿದೆ. ಆಕ್ಸಿಯಲ್ ಅಂಕಿಗಳು ನಮಗೂ ಸಿಗುತ್ತವಾ? ನಾನು ಸ್ವಲ್ಪ ಪೈಥಾನ್ ಪ್ರೋಗ್ರಾಮಿಂಗ್ ಕಲಿತಿದ್ದೇನೆ.

ತೀರ್ಥಹಳ್ಳಿ ಹಡಗಿನವ

ಸಿಗುತ್ತವೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ದುಡ್ಡಿಲ್ಲ. ಓಷನ್ ಅಬ್ಸರ್ವೇಟರೀಸ್ ಇನಿಶಿಯೇಟಿವ್ ಅಂತ ಹುಡುಕು. ಕುಳಿಯೊಳಗೆ ಬೇರೆ ಬೇರೆ ಕಡೆ ಮಾಪಕಗಳಿವೆ. ಸೆಂಟ್ರಲ್ ಕಾಲ್ಡೆರಾ ಅನ್ನುವುದು ನಡುವಿನದು, ಅತಿ ಜಾಸ್ತಿ ಏರಿಳಿಯುವುದು ಅಲ್ಲೇ. ಈಸ್ಟರ್ನ್ ಕಾಲ್ಡೆರಾದ್ದನ್ನೂ ತೆಗೆದುಕೋ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡು.

ಸಾಗರದ ಮೇಷ್ಟ್ರು

ಒತ್ತಡ ಯಾವ ಮಾನದಲ್ಲಿ ಕೊಟ್ಟಿದ್ದಾರೆ ಅಂತ ಮೊದಲು ನೋಡಿಕೊಳ್ಳಮ್ಮ, ಆಮೇಲೆ ಮೀಟರ್‌ಗೆ ತಿರುಗಿಸು. ಉಬ್ಬರ ಇಳಿತ ಕಳೆಯುವಾಗ 24 ಗಂಟೆಯ ಸರಾಸರಿ ತೆಗೆದರೆ ಸಾಲದು. ಚಂದ್ರನ ದಿನ 24 ಗಂಟೆ 50 ನಿಮಿಷ. 24ಕ್ಕೆ ಸರಾಸರಿ ಮಾಡಿದರೆ ಉಬ್ಬರದ ಒಂದು ಚೂರು ಉಳಿದು, ಹದಿನೈದು ದಿನಕ್ಕೊಮ್ಮೆ ಏರಿಳಿಯುವ ಸುಳ್ಳು ಅಲೆ ಕಾಣುತ್ತದೆ. ಅದನ್ನು ನೆಲದ ಉಬ್ಬು ಅಂದುಕೊಳ್ಳಬೇಡ.

ಶಿವಮೊಗ್ಗ ಎಂಎಸ್ಸಿ

ಸರಿ ಸರ್. ಯಾವ ತಿಂಗಳಿಂದ ಶುರು ಮಾಡಲಿ?

ತೀರ್ಥಹಳ್ಳಿ ಹಡಗಿನವ

2015ರ ಏಪ್ರಿಲ್. ತಿಂಗಳು ಪೂರ್ತಿ ತೆಗೆದುಕೋ. 24ನೇ ತಾರೀಕು ಎಲ್ಲಿದೆ ಅಂತ ಹುಡುಕಬೇಕಾಗಿಲ್ಲ, ಉಬ್ಬರ ಕಳೆಯುವ ಮುಂಚೆಯೇ ಕಣ್ಣಿಗೆ ಬೀಳುತ್ತದೆ. ಗ್ರಾಫ್ ಆದ ಮೇಲೆ ಇಲ್ಲೇ ಹಾಕು, ನಾವೂ ನೋಡುತ್ತೇವೆ.